ಅಂಗೈಯಗಲದ ಕುಂಬಳಕಾಯಿ

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಈ ಮೂರು ಕಾಯಿಗಳನ್ನು ಕೈಯಿಂದ ಕೈಗೆ ದಾಟಿಸಿ. ಮುಟ್ಟಿ ನೋಡಿ, ಮೂಸಿ ನೋಡಿ. ತೊಟ್ಟು ಹಿಡಿದು ಮಾತ್ರ ಎತ್ತಬೇಡಿ, ಬುಡಕ್ಕೆ ಕೈ ಕೊಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ದೂರದಿಂದ ನೋಡಿದರೆ ಬಣ್ಣ ಬಳಿದ ಮಣ್ಣಿನ ಗೊಂಬೆಯ ಹಾಗಿವೆ, ಅಲ್ವಾ? ಇವು ನಿಜವಾದ ಕುಂಬಳಕಾಯಿಗಳು. ಬಲಿತರೂ ಅಂಗೈ ಮೀರುವುದಿಲ್ಲ. ಕಿತ್ತಳೆ ಬಣ್ಣದ ಎರಡು 'ಜ್ಯಾಕ್ ಬಿ ಲಿಟಲ್' ತಳಿ, ಬಿಳಿಯದು 'ಬೇಬಿ ಬೂ'. ಅಗಲ ಸುಮಾರು 7-8 ಸೆಂಟಿಮೀಟರ್. ಕೊಯ್ದು ನಾಲ್ಕು ತಿಂಗಳಾಯಿತು.

ಬೀಜ ಹೇಗೆ ಬಿತ್ತಬೇಕು ಅಂತಲೇ ಎಲ್ಲರೂ ನನ್ನನ್ನು ಕೇಳುತ್ತಾರೆ. ಆದರೆ ಜನ ಬೇಸತ್ತು ಕೈಬಿಡುವುದು ಅಲ್ಲಲ್ಲ. ಬಳ್ಳಿ ಹುಲುಸಾಗಿ ಬೆಳೆಯುತ್ತದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ನಿಲ್ಲುವುದಿಲ್ಲ. ನಿಂತರೂ ಕೊಯ್ದು ತಂದು ಇಟ್ಟ ಮೇಲೆ ಬಾಳಿಕೆ ಬರುವುದಿಲ್ಲ. ಹಾಗಾಗಿ ಇವತ್ತು ಈ ಎರಡು ಕಡೆ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಆದರೂ ಬೀಜದಿಂದಲೇ ಶುರು ಮಾಡೋಣ. ಈ ಕುಂಬಳದ ಮೂಲ ಅಮೆರಿಕ ಖಂಡ. ಮೆಕ್ಸಿಕೊದ ಒಹಾಕಾ ಪ್ರದೇಶದ ಒಂದು ಗುಹೆಯಲ್ಲಿ ಇದೇ ಜಾತಿಯ, ಮನುಷ್ಯರು ಬೆಳೆದ ಬೀಜಗಳು ಸಿಕ್ಕಿವೆ. ಅವುಗಳ ವಯಸ್ಸು ಸುಮಾರು 10,000 ವರ್ಷ. ಇಷ್ಟು ಹಳೆಯ ಬೆಳೆ, ಆದರೂ ತನ್ನ ಹುಟ್ಟೂರಿನ ಬೆಚ್ಚನೆ ಮಣ್ಣನ್ನು ಮರೆತಿಲ್ಲ. ಮಣ್ಣಿನ ಬಿಸಿ 20 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ವಾರ, ಹತ್ತು ದಿನದಲ್ಲಿ ಮೊಳಕೆ ಬರುತ್ತದೆ. ತಣ್ಣನೆಯ, ನೀರು ನಿಂತ ಮಣ್ಣಿನಲ್ಲಿ ಬೀಜ ಕೊಳೆಯುತ್ತದೆ. ಮೊದಲ ಸಲ ಬಿತ್ತಿದಾಗ ನಾನು ದಿನಾ ಎರಡು ಹೊತ್ತು ನೀರು ಹಾಕಿದೆ. ಹನ್ನೆರಡನೇ ದಿನ ಕೆದಕಿ ನೋಡಿದರೆ ಬರೀ ಸಿಪ್ಪೆ, ಒಳಗೆಲ್ಲ ಲೋಳೆ. ಬಿತ್ತಿದ ದಿನ ಚೆನ್ನಾಗಿ ನೀರುಣಿಸಿ. ಆಮೇಲೆ ಮೇಲ್ಮಣ್ಣು ಒಣಗಿದಾಗ ಮಾತ್ರ ಸ್ವಲ್ಪ ಹಾಕಿದರೆ ಸಾಕು.

ಆಳ ಎರಡು, ಎರಡೂವರೆ ಸೆಂಟಿಮೀಟರ್ ಇರಲಿ. ಯಾಕೆ ಆಳದ ಮಾತು ಎತ್ತಿದೆ ಅಂದರೆ, ಮಣ್ಣಿನೊಳಗೆ ಒಂದು ಸೊಗಸಾದ ಕೆಲಸ ನಡೆಯುತ್ತದೆ. ಮೊದಲು ಬೇರು ಕೆಳಗಿಳಿಯುತ್ತದೆ. ಬೇರು ಮತ್ತು ಕಾಂಡ ಸೇರುವ ಕಡೆ ಸಣ್ಣದೊಂದು ಗುಬುಟು ಎದ್ದು ಬೀಜದ ಸಿಪ್ಪೆಯ ಕೆಳತುಟಿಯನ್ನು ಒತ್ತಿ ಹಿಡಿಯುತ್ತದೆ. ಅತ್ತ ಕಾಂಡ ಕೊಕ್ಕೆಯಂತೆ ಬಾಗಿ ಮೇಲೇಳುತ್ತಾ ಎರಡು ಬೀಜದೆಲೆಗಳನ್ನು ಸಿಪ್ಪೆಯಿಂದ ಹೊರಗೆಳೆದುಕೊಳ್ಳುತ್ತದೆ. ಶೂ ಬಿಚ್ಚುವಾಗ ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ಒತ್ತಿ ಕಾಲು ಎಳೆದುಕೊಳ್ಳುತ್ತೇವಲ್ಲ, ಥೇಟ್ ಹಾಗೆ. ಚಾರ್ಲ್ಸ್ ಡಾರ್ವಿನ್ ಇದನ್ನು ಗಮನಿಸಿ 1880ರಲ್ಲೇ ವಿವರಿಸಿದ್ದರು. ತೀರಾ ಮೇಲೆ ಬಿತ್ತಿದರೆ ಸಿಪ್ಪೆಗೆ ಮಣ್ಣಿನ ಹಿಡಿತ ಸಿಗುವುದಿಲ್ಲ. ಆಗ ಸಸಿ ಸಿಪ್ಪೆಯನ್ನು ಟೋಪಿಯ ಹಾಗೆ ಹೊತ್ತುಕೊಂಡೇ ಮೇಲೆ ಬರುತ್ತದೆ. ಅದನ್ನು ಕೀಳಲು ಹೋಗಬೇಡಿ, ಎಲೆಯೇ ಹರಿದು ಬರುತ್ತದೆ. ಒಂದೆರಡು ಹನಿ ನೀರು ಬಿಟ್ಟು ಸಿಪ್ಪೆ ಮೆತ್ತಗಾಗಲು ಬಿಡಿ.

ಬೇರು ಅಲುಗಿದರೆ ಕುಂಬಳದ ಸಸಿ ಮುನಿಸಿಕೊಳ್ಳುತ್ತದೆ. ಆದ್ದರಿಂದ ಬೆಳೆಯುವ ಜಾಗದಲ್ಲೇ ನೇರವಾಗಿ ಬಿತ್ತುವುದು ಒಳ್ಳೆಯದು. ಜಾಗ ಇಲ್ಲದವರಿಗೆ 20 ಲೀಟರ್ ಹಿಡಿಯುವ ಕುಂಡವಾದರೂ ನಡೆಯುತ್ತದೆ, ಒಂದು ಕುಂಡಕ್ಕೆ ಒಂದೇ ಬಳ್ಳಿ. ದಿನಕ್ಕೆ ಕನಿಷ್ಠ ಆರು ತಾಸು ಬಿಸಿಲು ಬೇಕು. ಚೆನ್ನಾಗಿ ಕಳಿತ ಗೊಬ್ಬರ ಹಾಕಿ, ಸಾರಜನಕ ಜಾಸ್ತಿಯಾಗದಂತೆ ನೋಡಿಕೊಳ್ಳಿ. ಜಾಸ್ತಿಯಾದರೆ ಎಲೆಯೇ ಎಲೆ. ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿ. ದೊಡ್ಡ ಕುಂಬಳವಾದರೆ ಜೋಲಿ ಕಟ್ಟಬೇಕು, ಇದರ ಭಾರವನ್ನು ತೊಟ್ಟೇ ತಡೆಯುತ್ತದೆ. ನೆಲಕ್ಕೆ ತಾಗದ ಕಾಯಿಗೆ ಕಲೆ ಬೀಳುವುದಿಲ್ಲ, ಬುಡ ಕೊಳೆಯುವುದಿಲ್ಲ. ನೋಟಕ್ಕೆಂದೇ ಬೆಳೆಯುವಾಗ ಇದು ಸಣ್ಣ ಲಾಭವೇನಲ್ಲ. ನೀರು ಬುಡಕ್ಕೆ ಹಾಕಿ, ಎಲೆಗೆ ಬೇಡ. ಬೂದಿ ರೋಗ ಬಂದರೆ ಎಲೆಯ ಮೇಲೆ ಹಿಟ್ಟು ಉದುರಿಸಿದಂತೆ ಕಾಣುತ್ತದೆ. ಗಾಳಿಯಾಡುವಂತೆ ಬಳ್ಳಿ ಬಿಡಿಸಿಟ್ಟರೆ, ಮೊದಲು ಕಂಡ ಎಲೆಗಳನ್ನು ಕಿತ್ತು ಹಾಕಿದರೆ ಅದು ಹರಡುವ ವೇಗ ತಗ್ಗುತ್ತದೆ.

ಈಗ ಹೂವಿನ ವಿಷಯ. ಮೊದಲು ಬರುವುದು ಬಹುಪಾಲು ಗಂಡು ಹೂಗಳೇ. ಉದ್ದನೆಯ ತೆಳು ತೊಟ್ಟಿನ ಮೇಲೆ ಅರಳುತ್ತವೆ, ಉದುರುತ್ತವೆ. ಒಂದೆರಡು ವಾರ ಹೀಗೇ ನಡೆಯುತ್ತದೆ. ಬಳ್ಳಿ ಬಂಜೆ ಅಂತ ಈ ಹೊತ್ತಿನಲ್ಲೇ ಎಷ್ಟೋ ಜನ ಕಿತ್ತು ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಮೇಲೆ ಬರುವ ಹೆಣ್ಣು ಹೂವನ್ನು ಗುರುತಿಸುವುದು ಸುಲಭ. ಅದರ ಹಿಂದೆ ಬಟಾಣಿಗಿಂತ ತುಸು ದೊಡ್ಡ ಪುಟ್ಟ ಮಿಡಿ ಅಂಟಿಕೊಂಡಿರುತ್ತದೆ. ಈ ಹೂವಿನ ಆಯಸ್ಸು ಒಂದೇ ಬೆಳಗು. ನಸುಕಿನಲ್ಲಿ ಅರಳಿ, ಬಿಸಿಲೇರುವ ಹೊತ್ತಿಗೆ ಮುದುಡಿಬಿಡುತ್ತದೆ. ಆ ಕೆಲವೇ ತಾಸುಗಳಲ್ಲಿ ಜೇನುಹುಳ ಬಂದು ಹೋಗಿರಬೇಕು. ಬರದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ಮನೆಗೆಲಸ ಎಲ್ಲ ಮುಗಿಸಿ ಹತ್ತೂವರೆಗೆ ಹಿತ್ತಲಿಗೆ ಹೋಗುತ್ತಿದ್ದ ನಾನು ಒಂದು ಇಡೀ ಬೆಳೆಯಲ್ಲಿ ಅರಳಿದ ಹೆಣ್ಣು ಹೂವನ್ನೇ ಕಂಡಿರಲಿಲ್ಲ. ಮುದುಡಿದ ಹೂ, ಉದುರಿದ ಮಿಡಿ, ಇಷ್ಟೇ ಕಂಡಿದ್ದು.

ಈಗ ಬೆಳಿಗ್ಗೆ ಏಳಕ್ಕೆ ಮುಂಚೆಯೇ ಹೋಗುತ್ತೇನೆ. ಆಗಷ್ಟೇ ಅರಳಿದ ಒಂದು ಗಂಡು ಹೂ ಕಿತ್ತು ಎಸಳುಗಳನ್ನೆಲ್ಲ ಬಿಡಿಸಿದರೆ ನಡುವಿನ ಕಡ್ಡಿ ಉಳಿಯುತ್ತದೆ. ಮುಟ್ಟಿದರೆ ಬೆರಳಿಗೆ ಹಳದಿ ಪುಡಿ ಅಂಟಬೇಕು. ಹೆಣ್ಣು ಹೂವಿನ ಒಳಗೆ ಅಂಟಂಟಾದ ಮೂರು ಕವಲಿನ ತಲೆ ಇರುತ್ತದೆ. ಮೂರೂ ಕವಲಿಗೆ ಪರಾಗ ತಾಗುವಂತೆ ಮೆಲ್ಲಗೆ ಸವರಬೇಕು. ಸುಮ್ನೆ ಒಂದು ಕಡೆ ತಾಗಿಸಿ ಬಂದರೆ ಎಷ್ಟೋ ಸಲ ಕಾಯಿ ಒಂದು ಪಕ್ಕ ಸೊಟ್ಟಗಾಗುತ್ತದೆ. ಹಿಡಿದಿದ್ದರೆ ಕೆಲವೇ ದಿನಗಳಲ್ಲಿ ಮಿಡಿ ಊದಿಕೊಂಡು ಮಿರಮಿರ ಹೊಳೆಯುತ್ತದೆ. ಆ ಹೊಳಪು ನೋಡಿದ ದಿನ ನನಗೆ ಇಡೀ ದಿನ ಖುಷಿ.

ಎರಡನೇ ತೊಡಕು ಕೊಯ್ಲಿನದು. ಬೀಜ ಹಾಕಿದಲ್ಲಿಂದ ಬಲಿಯಲು ಸುಮಾರು 90ರಿಂದ 100 ದಿನ ಬೇಕು. ಬಣ್ಣ ಅದಕ್ಕಿಂತ ಮುಂಚೆಯೇ ಬಂದುಬಿಡುತ್ತದೆ, ಮೋಸ ಹೋಗುವುದು ಅಲ್ಲೇ. ಬಣ್ಣ ನಂಬಿ ನಾನು ಕೊಯ್ದ ಎಂಟು ಕಾಯಿ ಮೂರು ವಾರದಲ್ಲಿ ಸುಕ್ಕುಗಟ್ಟಿದವು. ಈಗ ತೊಟ್ಟು ನೋಡುತ್ತೇನೆ. ಹಸಿರು ರಸದ ತೊಟ್ಟು ಒಣಗಿ, ಬಿರುಸಾಗಿ, ಬೆಂಡಿನಂತೆ ಆಗಬೇಕು. ಉಗುರು ಒತ್ತಿದರೆ ಸಿಪ್ಪೆಯಲ್ಲಿ ಗುರುತು ಬೀಳಬಾರದು. ಬಿಳಿ ತಳಿ ಬಿಸಿಲಿಗೆ ಹಳದಿ ತಿರುಗುತ್ತದೆ, ಅದನ್ನು ಎಲೆಯ ನೆರಳಿನಲ್ಲೇ ಬಲಿಯಲು ಬಿಡಿ.

ಕೀಳಬೇಡಿ, ತಿರುಚಬೇಡಿ. ಹರಿತವಾದ ಕತ್ತರಿಯಿಂದ ನಾಲ್ಕೈದು ಸೆಂಟಿಮೀಟರ್ ತೊಟ್ಟು ಉಳಿಸಿ ಕತ್ತರಿಸಿ. ತೊಟ್ಟು ಬುಡದಿಂದ ಕಳಚಿಬಂದರೆ ಅಲ್ಲೊಂದು ಹಸಿ ಗಾಯ ಉಳಿಯುತ್ತದೆ, ಕೊಳೆ ಒಳಗಿಳಿಯಲು ಅದೇ ಬಾಗಿಲು. ಆಗಲೇ ಬುಡಕ್ಕೆ ಕೈ ಕೊಡಿ ಅಂದದ್ದು ಇದಕ್ಕೇ. ಕೊಯ್ದ ಕಾಯಿಗಳನ್ನು ಒಂದಕ್ಕೊಂದು ತಾಗದಂತೆ, ಬೆಚ್ಚಗೆ ಗಾಳಿಯಾಡುವ ಒಣ ಜಾಗದಲ್ಲಿ ಹತ್ತು ದಿನ ಹರವಿಡಿ. ಸಿಪ್ಪೆ ಇನ್ನಷ್ಟು ಗಟ್ಟಿಯಾಗುತ್ತದೆ. ಆಮೇಲೆ ತಂಪಾದ, ಒಣಗಿದ ಮೂಲೆಯಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತವೆ. ವಾರಕ್ಕೊಮ್ಮೆ ತಿರುಗಿಸಿ ಬುಡ ನೋಡಿ, ಮೆತ್ತಗಾದದ್ದನ್ನು ತೆಗೆದುಬಿಡಿ.

ಕೊನೆಗೆ ಬೀಜ ಎತ್ತಿಡುವ ಮಾತು. ಪಕ್ಕದಲ್ಲಿ ಇದೇ ಜಾತಿಯ ಜುಕಿನಿಯೋ, ಅಲಂಕಾರದ ಬುರುಡೆಯೋ ಇದ್ದರೆ ಪರಾಗ ಬೆರಕೆಯಾಗುತ್ತದೆ. ಈ ವರ್ಷದ ಕಾಯಿಯ ರೂಪ ಅದರಿಂದ ಬದಲಾಗುವುದಿಲ್ಲ. ಅದರ ಬೀಜದಿಂದ ಮುಂದಿನ ಸಲ ಹುಟ್ಟುವ ಬಳ್ಳಿಯಲ್ಲಿ ಮಾತ್ರ ಯಾವ ಆಕಾರದ ಕಾಯಿ ಬರುತ್ತದೋ ಹೇಳಲಾಗದು. ಅಂಥ ಬೆರಕೆ ಕಾಯಿ ಕಹಿಯಾಗಿದ್ದರೆ ಒಂದು ಚೂರೂ ತಿನ್ನಬೇಡಿ. ಆ ಕಹಿಗೆ ಕಾರಣ ಕುಕುರ್ಬಿಟಾಸಿನ್, ಅದು ವಿಷ. ಬೇಯಿಸಿದರೂ ಹೋಗುವುದಿಲ್ಲ. ಶುದ್ಧ ಬೀಜ ಬೇಕೆಂದರೆ, ಮರುದಿನ ಅರಳಲಿರುವ ಒಂದು ಗಂಡು, ಒಂದು ಹೆಣ್ಣು ಮೊಗ್ಗನ್ನು ಹಿಂದಿನ ಸಂಜೆಯೇ ದಾರದಿಂದ ಕಟ್ಟಿಡಿ. ಬೆಳಿಗ್ಗೆ ಬಿಚ್ಚಿ, ಪರಾಗ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ. ಆ ಕಾಯಿಯ ತೊಟ್ಟಿಗೆ ಒಂದು ಬಣ್ಣದ ದಾರ ಸುತ್ತಿದರೆ ಕೊಯ್ಲಿನಲ್ಲಿ ಗುರುತು ಸಿಗುತ್ತದೆ. ನಿಮ್ಮ ಕೈಗೆ ಬಂದ ಬಿಳಿ ಕಾಯಿಯ ತೊಟ್ಟು ನೋಡಿ, ಕೆಂಪು ದಾರ ಇನ್ನೂ ಇದೆ.