ಅತ್ತಿದ್ದು ನಿಜ, ಅದಕ್ಕೆ ಮುಂಚೆ ಏನಾಯ್ತು?

ಎಲ್ಲರಿಗೂ ನಮಸ್ಕಾರ.

ರಾತ್ರಿ ಬಿಗ್ ಬಾಸ್ ಶುರುವಾದರೆ ನಮ್ಮಮ್ಮ ಒಲೆ ಸಣ್ಣ ಮಾಡಿ ಬಂದು ಕೂರುತ್ತಾರೆ. ಒಂದಷ್ಟು ಜನರನ್ನು ಒಂದೇ ಮನೆಯಲ್ಲಿ ಕೂಡಿಹಾಕಿ ಕ್ಯಾಮೆರಾದಲ್ಲಿ ತೋರಿಸುವ ಟಿವಿ ಆಟ ಅದು. ಅಲ್ಲಿ ಪಾತ್ರೆ ಯಾರು ತೊಳೆಯಬೇಕು ಅಂತ ಜಗಳ. ‘ಥೇಟ್ ನಮ್ಮ ವಠಾರದ ನಲ್ಲಿ ಜಗಳ ಕಣೋ’ ಅಂತಾರೆ. ಜನ ಇದನ್ನು ನೋಡುವುದು ಅದಕ್ಕೇ ಅಂತ ನನಗೆ ಅನಿಸುತ್ತದೆ. ಜಗಲಿ ಮೇಲೆ ಕೂತು ಯಾರದು ಸರಿ, ಯಾರದು ತಪ್ಪು ಅಂತ ಪಂಚಾಯ್ತಿ ಮಾಡುತ್ತಿದ್ದವರು ನಾವು. ಈಗ ಪಕ್ಕದ ಫ್ಲ್ಯಾಟಿನವರ ಹೆಸರೂ ಗೊತ್ತಿಲ್ಲ. ಟಿವಿಯಲ್ಲಿ ಆ ಜಗಲಿ ಸಿಕ್ಕಿದೆ, ಜೊತೆಗೆ ಯಾರು ಉಳಿಯಬೇಕು ಅಂತ ಓಟು ಬೇರೆ. ಹಾವೇರಿ ಕಡೆ ಕುರಿ ಕಾಯುತ್ತಿದ್ದ ಹಾಡುಗಾರ ಹನುಮಂತ ವೈಲ್ಡ್ ಕಾರ್ಡಿನಲ್ಲಿ, ಅಂದರೆ ಆಟ ಶುರುವಾದ ಮೇಲೆ ನಡುವೆ ಬಂದು 2025ರ ಜನವರಿಯಲ್ಲಿ ಗೆದ್ದಾಗ ಎಷ್ಟೋ ಮನೆಗಳಲ್ಲಿ ತಮ್ಮ ಹುಡುಗನೇ ಗೆದ್ದ ಹಾಗೆ ಕುಣಿದರು.

ಆದರೆ ಇದು ಎಷ್ಟು ನಿಜ?

1999ರಲ್ಲಿ ನೆದರ್ಲೆಂಡ್ಸಿನಲ್ಲಿ ಹುಟ್ಟಿದ ಆಟ ಇದು, ಕನ್ನಡಕ್ಕೆ ಬಂದಿದ್ದು 2013ರಲ್ಲಿ. ಅಲ್ಲಿ ಒಳಗಿರುವವರ ಅಳು ಸುಳ್ಳು ಅಂತ ನಾನು ಹೇಳಲ್ಲ. ಫೋನ್ ಇಲ್ಲ, ಪೇಪರ್ ಇಲ್ಲ, ಮನೆಯವರ ದನಿ ಇಲ್ಲ, ಹೀಗೆ ವಾರಗಟ್ಟಲೆ ಇಟ್ಟರೆ ಯಾರಿಗಾದರೂ ಅಳು ಬರುತ್ತದೆ, ಅಲ್ವಾ? ಆದರೆ ದಿನಕ್ಕೆ 1,440 ನಿಮಿಷ. ನಮಗೆ ಸಿಗುವುದು ಸುಮಾರು 90, ಅದರಲ್ಲೂ ಜಾಹೀರಾತು. ಉಳಿದದ್ದನ್ನು ಕತ್ತರಿಸಿ, ಸಿಕ್ಕಿದ್ದನ್ನು ಜೋಡಿಸಿ, ಹಿಂದೆ ಮ್ಯೂಸಿಕ್ ಹಾಕುತ್ತಾರೆ. ಆಟ ಇರುವುದು ಆ ಜೋಡಣೆಯಲ್ಲಿ.

ನಮ್ಮ ಅಕ್ಕನ ಮದುವೆ ವಿಡಿಯೊದಲ್ಲಿ ಹೀಗೇ ಆಯಿತು. ಹೋಮದ ಹೊಗೆ ಕಣ್ಣಿಗೆ ಹೋಗಿ ಚಿಕ್ಕಮ್ಮ ಮುಖ ಸಿಂಡರಿಸಿದ್ದರು. ಎಡಿಟ್ ಮಾಡಿದ ಹುಡುಗ ಆ ತುಣುಕನ್ನು ಬೀಗರು ಸೀರೆ ಕೊಡುವ ದೃಶ್ಯದ ಪಕ್ಕ ಇಟ್ಟ. ಬೇಕಂತ ಮಾಡಿದ್ದಲ್ಲ, ಸುಮ್ನೆ ಜಾಗ ತುಂಬಿಸಲು. ಬೀಗರ ಮನೆಯಲ್ಲಿ ಅದನ್ನು ನೋಡಿದವರು ಎರಡು ತಿಂಗಳು ಚಿಕ್ಕಮ್ಮನನ್ನು ಮಾತಾಡಿಸಲಿಲ್ಲ. ಮುಖವೂ ನಿಜ, ಸೀರೆಯೂ ನಿಜ. ಆದರೆ ಅವೆರಡರ ನಡುವೆ ಮುಕ್ಕಾಲು ಗಂಟೆ ಇತ್ತು.

ಇದು ನನಗೆ ಮತ್ತೆ ನೆನಪಾಗಿದ್ದು 2021ರಲ್ಲಿ. ಕೋವಿಡ್ ಎರಡನೇ ಅಲೆಗೆ ಬಿಗ್ ಬಾಸ್ ಕನ್ನಡದ ಎಂಟನೇ ಸೀಸನ್ ಮೇ ತಿಂಗಳಲ್ಲಿ ನಿಂತುಹೋಯಿತು. ಒಳಗಿದ್ದವರು ಮನೆಗೆ ಹೋದರು, ಜೂನ್‌ನಲ್ಲಿ ಸೆಕೆಂಡ್ ಇನ್ನಿಂಗ್ಸ್ ಅಂತ ವಾಪಸ್ ಬಂದರು. ನಡುವೆ ತಮ್ಮದೇ ಎಪಿಸೋಡ್ ನೋಡುವ ಅವಕಾಶ ಅವರಿಗೆ ಸಿಕ್ಕಿತ್ತು! ತಾನು ಹೇಗೆ ಕಾಣುತ್ತೇನೆ, ಬೆನ್ನ ಹಿಂದೆ ಯಾರು ಏನಂದರು, ಜನ ಏನಂತಾರೆ, ಎಲ್ಲ ಗೊತ್ತಾದ ಮೇಲೆ ಅದೇ ಸೋಫಾ ಮೇಲೆ ಬಂದು ಕೂತವರು ಹಳೆಯವರೇನಾ? ನನಗಂತೂ ಅವರು ತೂಕ ಮಾಡಿ ಮಾತಾಡುವ ಹಾಗೆ ಕಂಡಿತು. ಅದು ನಟನೆ ಅಂತ ಬೈಯಲು ನನಗೆ ಮನಸ್ಸು ಬರಲಿಲ್ಲ. ಊರೆಲ್ಲ ನೋಡುತ್ತಿದೆ ಅಂತ ಗೊತ್ತಾದ ಮೇಲೆ ನಾವೂ ಸೆರಗು ಸರಿ ಮಾಡಿಕೊಳ್ಳುತ್ತೇವೆ.

ನನಗೆ ಸಂಕಟ ಆಗುವುದು ಅವರು ಹೊರಗೆ ಬಂದ ಮೇಲೆ. 90 ನಿಮಿಷ ನೋಡಿದ ನಾವು, ಅವರ ಅಪ್ಪ ಅಮ್ಮನೂ ಓದುವ ಜಾಗದಲ್ಲಿ ಬಾಯಿಗೆ ಬಂದದ್ದು ಬರೆಯುತ್ತೇವೆ. ಅದು ಮಾತ್ರ ಎಡಿಟ್ ಆಗುವುದಿಲ್ಲ.

ಈಚೆಗೆ ಒಂದು ರಾತ್ರಿ ಒಬ್ಬಳು ಹುಡುಗಿ ತಟ್ಟೆ ತಳ್ಳಿ ಎದ್ದು ಹೋದಳು. ನಾನು ‘ಎಷ್ಟು ಕೊಬ್ಬು’ ಅಂದೆ. ಅಮ್ಮ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದರು: ‘ಅದಕ್ಕೆ ಮುಂಚೆ ಯಾರು ಏನಂದ್ರು ಅಂತ ತೋರಿಸಿದ್ರೇನೋ?’