ರಕ್ತ ಸೋಸಿದರೆ ಉರಿ ಆರುತ್ತದೆಯೇ?

ಕೇಳುಗರೆ, ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹತ್ತರ ಮೇಲೆ ನನಗೊಂದು ಫೋನ್ ಬಂತು. ಮಾತನಾಡಿದವನು ನಮ್ಮ ಪಕ್ಕದ ತೋಟದ ಲೈನ್ ಮನೆಯ ಹುಡುಗ. ಮೈಸೂರಿನ ಆಸ್ಪತ್ರೆಯೊಂದರ ಐಸಿಯು ಬಾಗಿಲಲ್ಲಿ ನಿಂತಿದ್ದ. ಗದ್ದೆಯಲ್ಲಿ ನಾಟಿಗೆ ಹೋಗಿದ್ದ ತಾಯಿಗೆ ಇಲಿಜ್ವರ. ಕಣ್ಣು ಕೆಂಪಾಗಿ, ಮೀನಖಂಡ ಹಿಡಿದುಕೊಂಡು ನೋಯುತ್ತಿದ್ದರೂ ಐದು ದಿನ ಬರೀ ಜ್ವರದ ಮಾತ್ರೆ ನುಂಗಿ ಮಲಗಿದ್ದರಂತೆ. ಮೊದಲೇ ತೋರಿಸಿದ್ದರೆ ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಮಾತ್ರೆಯಲ್ಲೇ ಮುಗಿಯಬಹುದಿತ್ತು. ಆ ರಾತ್ರಿ ಅದನ್ನು ಹೇಳಿ ಪ್ರಯೋಜನವಿರಲಿಲ್ಲ.

"ಡಾಕ್ಟರೇ, ಅಮ್ಮನ ರಕ್ತ ತೊಳೆಯುತ್ತಾರಂತೆ. ಸಹಿ ಹಾಕಲೇ?"

ಈ 'ತೊಳೆಯುವುದು' ಎಂಬ ಮಾತು ನನಗೆ ಹಿಡಿಸುವುದಿಲ್ಲ. ಅದರೊಳಗೆ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ.

ಒಂದು, ಡಯಾಲಿಸಿಸ್. ಮೂತ್ರಪಿಂಡ ನಿಂತಾಗ ಯೂರಿಯಾ, ಪೊಟ್ಯಾಸಿಯಂ ಮೊದಲಾದ ಸಣ್ಣ ಕಣಗಳನ್ನು ಹೊರಹಾಕುವ ಜರಡಿ ಅದು.

ಇನ್ನೊಂದು ಈಚಿನದು. ಸೋಂಕು ತಗುಲಿದಾಗ ದೇಹ ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಬಿಟ್ಟು ರಕ್ಷಣೆಗೆ ಕೂಗು ಹಾಕುತ್ತದೆ. ಕೂಗು ಅತಿಯಾದರೆ ಅದೇ ಮೈಯೊಳಗಿನ ಉರಿಯಾಗುತ್ತದೆ: ರಕ್ತನಾಳಗಳು ಸೋರುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಅಂಗಾಂಗಗಳು ಒಂದೊಂದಾಗಿ ಕೈಕೊಡುತ್ತವೆ. ಆ ಸೈಟೊಕೈನ್‌ಗಳನ್ನು ಹಿಡಿಯಲು ರಕ್ತವನ್ನು ಕುತ್ತಿಗೆಯ ಅಥವಾ ತೊಡೆಸಂದಿನ ಕೊಳವೆಯಿಂದ ಹೊರಗೆಳೆದು, ಸಣ್ಣ ಪಾಲಿಮರ್ ಮಣಿಗಳು ತುಂಬಿದ ಡಬ್ಬಿಯಲ್ಲಿ ಹಾಯಿಸಿ, ಮತ್ತೆ ಮೈಗೆ ಬಿಡುತ್ತಾರೆ. ಒಣಗಿದ ಕಾಫಿ ಮೂಟೆಯ ಪಕ್ಕ ಗೊಬ್ಬರ ಇಟ್ಟರೆ ಬೀಜ ವಾಸನೆ ಹಿಡಿಯುತ್ತದೆ ಎಂದು ನಮ್ಮ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಮಣಿಗಳೂ ಹಾಗೆಯೇ ಹೀರಿಕೊಳ್ಳುತ್ತವೆ. ತೊಡಕೂ ಅಲ್ಲೇ ಇದೆ: ಬೀಜಕ್ಕೆ ಯಾವ ವಾಸನೆ ಬೇಕು, ಯಾವುದು ಬೇಡ ಎಂಬ ವಿವೇಚನೆ ಇಲ್ಲ. ರೋಗಾಣುವನ್ನು ಕೊಲ್ಲಲು ಕೊಟ್ಟ ಆ್ಯಂಟಿಬಯೋಟಿಕ್ ಕೂಡ ಮಣಿಗೆ ಅಂಟಿಕೊಂಡು ಹೋಗಬಹುದು.

ಫಲಿತಾಂಶವೇನು? ರಕ್ತದಲ್ಲಿನ ಬ್ಯಾಕ್ಟೀರಿಯಾದ ವಿಷವನ್ನು ಹಿಡಿಯುವ ಪಾಲಿಮಿಕ್ಸಿನ್ ಡಬ್ಬಿ ಜಪಾನಿನಲ್ಲಿ 1994ರಿಂದ ಬಳಕೆಯಲ್ಲಿದೆ. 450 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 28 ದಿನಗಳ ಸಾವಿನ ಪ್ರಮಾಣ ಗಮನಾರ್ಹವಾಗಿ ತಗ್ಗಲಿಲ್ಲ. ಜರ್ಮನಿಯ ಫ್ರೈಬುರ್ಗ್‌ನಲ್ಲಿ, ಕೃತಕ ಶ್ವಾಸಕೋಶದ ಯಂತ್ರದ ಮೇಲಿದ್ದ ಕೋವಿಡ್ ರೋಗಿಗಳಿಗೆ ಸೈಟೊಕೈನ್ ಹೀರುವ ಡಬ್ಬಿ ಜೋಡಿಸಿ ನೋಡಿದರು. ಮೂವತ್ತು ದಿನಗಳ ಬಳಿಕ ಡಬ್ಬಿ ಹಾಕಿದ 17 ಜನರಲ್ಲಿ ಉಳಿದವರು ಮೂವರು. ಹಾಕದ 17 ಜನರಲ್ಲಿ ಹದಿಮೂವರು. ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಆದರೂ ಅದನ್ನು ಓದಿದ ಮೇಲೆ 'ಹಾಕಿ ನೋಡೋಣ, ನಷ್ಟವೇನು' ಎಂದು ನನ್ನ ಬಾಯಿಂದ ಬರುವುದಿಲ್ಲ.

ಹುಡುಗನಿಗೆ ಇಷ್ಟೇ ಹೇಳಿದೆ: "ಡಯಾಲಿಸಿಸ್ ಆದರೆ ಈಗಲೇ ಸಹಿ ಹಾಕು. ಉರಿ ಇಳಿಸುವ ಡಬ್ಬಿಯಾದರೆ, ಔಷಧದ ಪ್ರಮಾಣ ಹೆಚ್ಚಿಸುತ್ತೀರಾ, ಎಷ್ಟು ಡಬ್ಬಿ, ಎಷ್ಟು ಖರ್ಚು, ಯಾವಾಗ ನಿಲ್ಲಿಸುತ್ತೀರಿ ಎಂದು ಕೇಳಿ ಆಮೇಲೆ ಹಾಕು."

ಫೋನ್ ಇಡದೆಯೇ ಒಳಗೆ ಹೋಗಿ ಕೇಳಿದ. ಡಯಾಲಿಸಿಸ್ ಎಂದರು. ಒಂಬತ್ತನೆಯ ದಿನ ಬೆಳಿಗ್ಗೆ ಅವನೇ ಕರೆ ಮಾಡಿದ: "ಡಾಕ್ಟರೇ, ಅಮ್ಮನಿಗೆ ಮೂತ್ರ ಬಂತು."