ಬಿರುಕಿಗೆ ಅಡ್ಡವಿಟ್ಟ ಗಾಜು

ಕೇಳುಗರಿಗೆ ನಮಸ್ಕಾರ. ಎರೆಭೂಮಿಯಲ್ಲಿ ಮನೆ ಕಟ್ಟಿಸಿದವರಿಗೆ ಈ ಕತೆ ಹೊಸದಲ್ಲ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಾಯಿ ಬಿಡುವ ಮಣ್ಣು ಅದು. ಪಾಯ ಗಟ್ಟಿ ನೆಲ ಮುಟ್ಟದಿದ್ದರೆ ಗೋಡೆಯೂ ಅದರ ಜೊತೆ ಅಲುಗುತ್ತದೆ.

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮೊದಲ ಬೇಸಿಗೆಗೇ ದೇವರ ಕೋಣೆಯ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕೆದ್ದಿತು. "ಬರೀ ಗಿಲಾವಿನ ಸೀಳು ಸರ್, ಬಣ್ಣ ಹಚ್ಚಿದರೆ ಮುಚ್ಚುತ್ತದೆ, ಕೊನೆಯ ಕಂತು ಕೊಟ್ಟುಬಿಡಿ" ಎಂದರು ಗುತ್ತಿಗೆದಾರರು. ಒಂದು ಪೈಸೆಯನ್ನೂ ಕೊಡುವುದಿಲ್ಲ ಎಂದೆ.

ಓಣಿಯ ಹಿರಿಯ ಗೌಂಡಿಯೊಬ್ಬರು ಬಂದು, ಬಿರುಕಿಗೆ ಅಡ್ಡವಾಗಿ ತೆಳುವಾದ ಗಾಜಿನ ಪಟ್ಟಿಯಿಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದರು. "ಗಾಜು ಒಡೆದರೆ ಗೋಡೆಯೇ ಸರಿಯುತ್ತಿದೆ ಎಂದರ್ಥ." ಹದಿನೆಂಟನೆಯ ದಿನ ಗಾಜು ಎರಡು ತುಂಡಾಗಿತ್ತು. ಫೋಟೊ ತೆಗೆದು, ದೋಷವನ್ನು ಪತ್ರದಲ್ಲಿ ಬರೆದು ಗುತ್ತಿಗೆದಾರರಿಗೆ ಕಳುಹಿಸಿದೆ. ಅವರ ದನಿ ಇಳಿಯಿತು.

ಪೂರಾ ತಪ್ಪು ಅವರದೇ ಎನ್ನಲಾರೆ. ಸ್ಲ್ಯಾಬ್ ಹಾಕಿದ ಮೇಲೆ ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಾದರೆ 10 ದಿನ ಹಸಿಯಾಗಿರಬೇಕು. ನಮ್ಮ ನಲ್ಲಿಗೆ ನೀರು ಬರುವುದೋ ಹಲವು ದಿನಕ್ಕೊಮ್ಮೆ. ಟ್ಯಾಂಕರ್ ನೀವು ತರಿಸಿ ಎಂದು ಅವರು, ನೀವೇ ತರಿಸಿ ಎಂದು ನಾನು. ಕರಾರಿನಲ್ಲಿ ಆ ಸಾಲೇ ಇರಲಿಲ್ಲ. ಸ್ಲ್ಯಾಬ್ ಮಾತ್ರ ಒಣಗಿತು.

ಹಣ ತಡೆಹಿಡಿದು ಸುಮ್ಮನೆ ಕೂತರೆ ಗೆದ್ದಂತೆ ಎಂದೇ ನಾನೂ ತಿಳಿದಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ ಸೇವೆಯೇ. ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ವಕೀಲರಿಲ್ಲದೆಯೂ ವಾದಿಸಬಹುದು. ಆದರೆ ಅವಧಿ 2 ವರ್ಷ. ಕೆಲಸದ ಬಾಕಿಗಾಗಿ ಗುತ್ತಿಗೆದಾರರು ಸಿವಿಲ್ ದಾವೆ ಹೂಡಲು ಇರುವುದು 3 ವರ್ಷ. ನಮ್ಮ ಬಾಗಿಲು ಮುಚ್ಚಿದ ಮೇಲೂ ಅವರದು ಒಂದು ವರ್ಷ ತೆರೆದಿರಬಹುದು! ಇದನ್ನು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಎಂಜಿನಿಯರರಿಂದ ದುರಸ್ತಿಯ ಅಂದಾಜು ಬರೆಸಿದೆ. ಅಷ್ಟನ್ನು ಮಾತ್ರ ತಡೆದು, ಉಳಿದದ್ದನ್ನು ಬ್ಯಾಂಕ್ ಮೂಲಕ ಕೊಟ್ಟೆ. ಗುತ್ತಿಗೆದಾರರು ಗೊಣಗುತ್ತಲೇ ಬಂದು ಪಾಯದ ಪಕ್ಕ ಅಗೆಸಿ ಸರಿಪಡಿಸಿದರು. ತಡೆದ ಹಣ ಕೊಟ್ಟು ರಸೀದಿ ಪಡೆದೆ. ಹೊರಡುವಾಗ ಹೊಸ ಗಾಜಿನ ಪಟ್ಟಿಯನ್ನು ಅವರೇ ಮೆತ್ತಿ, ತಾರೀಖನ್ನೂ ಬರೆದು ಹೋದರು. ಅದು ಎರಡು ಬೇಸಿಗೆ ದಾಟಿದೆ. ನಮಸ್ಕಾರ.